ಒಟ್ಟಿಗೆ ಕೂಗಿದ ರೇಡಿಯೊಗಳು

"ಕಳಿಸಿ," ಎಂದ ಕ್ವಾಕ್.

ಎದುರಿನ ಗುಡ್ಡದ ಮೇಲೆ ಚದುರಿ ನಿಂತಿದ್ದ ನಲವತ್ತು ಅಗ್ನಿಶಾಮಕರ ಎದೆಯ ಮೇಲೆ ನಲವತ್ತು ರೇಡಿಯೊಗಳಿದ್ದವು. ಸಿಗ್ನಲ್ ಗೋಪುರವಿಲ್ಲದ ಕಾಡಿನಲ್ಲಿ ಸುದ್ದಿ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಕೇಳಿದ್ದನ್ನು ಮತ್ತೆ ಹೇಳುವ ಮೊದಲು ಪ್ರತಿ ರೇಡಿಯೊ ತನ್ನದೇ ಲಾಟರಿ ಎತ್ತಿ, ಬಂದ ಸಂಖ್ಯೆಯಷ್ಟು ಹೊತ್ತು ಕಾಯಬೇಕು. ಇಲ್ಲದಿದ್ದರೆ ಎಲ್ಲವೂ ಒಮ್ಮೆಲೇ ಕೂಗಿ ಯಾರಿಗೂ ಏನೂ ಕೇಳಿಸದು.

ಆ ಉಪಾಯ ಹೇರಿಮ್‌ಳದು. ಏಳು ವರ್ಷದ ಹಿಂದೆ ದೇಜನ್ ನಗರದ ಪ್ರಯೋಗಾಲಯದಲ್ಲಿ ಅವಳ 'ಸನ್‌ಬೆ', ಅಂದರೆ ಸೀನಿಯರ್, ಆಗಿದ್ದ ಕ್ವಾಕ್ ಅದನ್ನು ತನ್ನ ಹೆಸರಿನಲ್ಲಿ ಪ್ರಕಟಿಸಿದ. ಕೊನೆಯಲ್ಲಿ 'ಅಳತೆಗೆ ನೆರವಾದ ಕಿರಿಯರಿಗೆ' ಎಂದು ಕೃತಜ್ಞತೆ ಹೇಳಿದ್ದ. ಆ ಪ್ರಕಟಣೆಯ ಸಂತೋಷಕೂಟದಲ್ಲಿ ಪದ್ಧತಿಯಂತೆ ಅವಳೇ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಅವನ ಲೋಟಕ್ಕೆ ಸೋಜು ಮದ್ಯ ಬಗ್ಗಿಸಿದ್ದಳು. ಇವತ್ತು ಅವಳು ಅವನ ರೇಡಿಯೊಗಳನ್ನು ಒರೆಗೆ ಹಚ್ಚುವ ಪರೀಕ್ಷಕರ ಸಾಲಿನಲ್ಲಿದ್ದಳು.

ಪರಿಶೀಲನೆಗೆ ಬಂದ ಪ್ರೋಗ್ರಾಮಿನ ಪ್ರತಿಯಲ್ಲಿ ಅವಳ ಹಳೆಯ ಸಾಲು ಹಾಗೆಯೇ ಇತ್ತು. ಪ್ರತಿ ಸಲವೂ ಅದೇ ಫಲಿತಾಂಶ ಬರಲೆಂದು ಲಾಟರಿಯನ್ನು 1937 ಎಂಬ ಸಂಖ್ಯೆಯಿಂದಲೇ ಶುರುಮಾಡಿಸುವ ಸಾಲು. ಒಂದೇ ಕಂಪ್ಯೂಟರಿನೊಳಗಿನ ಪ್ರಯೋಗಕ್ಕೆ ಅದು ಸರಿ. ನಲವತ್ತು ರೇಡಿಯೊಗಳಿಗೆ ನಕಲು ಮಾಡಿದರೆ ನಲವತ್ತಕ್ಕೂ ಒಂದೇ ಚೀಟಿ; ಎಲ್ಲವೂ ಅಷ್ಟೇ ಹೊತ್ತು ಕಾದು ಒಟ್ಟಿಗೆ ಕೂಗುತ್ತವೆ. ಮೇಜಿನ ಮೇಲೆ ಮೂರನ್ನು ಸಾಲಾಗಿಟ್ಟು ನೋಡಿದ ಕ್ವಾಕ್‌ಗೆ ಅದು ಕಾಣುವಂತಿರಲಿಲ್ಲ; ಅಷ್ಟು ಹತ್ತಿರದಲ್ಲಿ ಮೊದಲ ಕೂಗೇ ಎಲ್ಲಕ್ಕೂ ಕೇಳಿಸುತ್ತದೆ. ತಿಂಗಳಿಂದ ಅವಳು ಇದನ್ನು ಯಾರಿಗೂ ಹೇಳದೆ ಚಪ್ಪರಿಸುತ್ತಿದ್ದಳು.

'ಕೆಳಗೆ ಬನ್ನಿ' ಎಂಬ ಸಂದೇಶ ಹೋಯಿತು. ಬುಡದಲ್ಲಿದ್ದ ಮೂವರು ಮಾತ್ರ ಇಳಿದರು; ಗುಡ್ಡದ ಮೇಲೆ ಒಬ್ಬನೂ ಕದಲಲಿಲ್ಲ.

"ಏನ್ ಡಾಕ್ಟ್ರೇ, ನಮ್ ಹುಡುಗ್ರು ಕಿವುಡಾದ್ರಾ?" ಎಂದ ಮುದಿ ದಳಪತಿ ಪ್ಯೋ.

ಕ್ವಾಕ್ ಮತ್ತೆ ಕಳಿಸಿದ. ಮತ್ತೂ ಒಮ್ಮೆ.

"ಬೆಂಕಿ ಬಿದ್ದಾಗ್ಲೂ ಹಿಂಗೇನಾ? ಹಿಂದಿನ್ ವಸಂತದಲ್ಲಿ ಇಬ್ಬರನ್ನ ಕಳಕೊಂಡಿದೀನಿ ನಾನು."

ಕ್ವಾಕ್ ಅವಳ ಕುರ್ಚಿಯ ಪಕ್ಕ ಬಗ್ಗಿದ. "ಹೇರಿಮ್, ನಿಂಗೇನಾದ್ರೂ ಹೊಳೀತಿದ್ಯಾ?"

ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು: "1937 ಅಂತ ಇದ್ಯಲ್ಲ ಸನ್‌ಬೆ, ಏನದು?"

"ಅದು... ಸುಮ್ನೆ ಒಂದು ಸಂಖ್ಯೆ."

"ಅದೇ ಯಾಕೆ?"

ಅವನ ಕಿವಿ ಕೆಂಪಾಯಿತು. 1937 ಹೇರಿಮ್‌ಳ ಅಜ್ಜಿ ಹುಟ್ಟಿದ ವರ್ಷ.

"ನೀವೇ ಬರ್ದಿದ್ದಲ್ವಾ? ನಿಧಾನಕ್ಕೆ ನೆನಪು ಮಾಡ್ಕೊಳ್ಳಿ. ನಾನು ಬರೀ ಅಳತೆಗೆ ನೆರವಾದೋಳು."

ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡಿದರು. ಕ್ವಾಕ್ ಹಾಳೆಗಳನ್ನು ಮಗುಚುತ್ತ ಆ ಸಾಲನ್ನು ಎರಡು ಸಲ ದಾಟಿಹೋದ. ಅದನ್ನು ತಿದ್ದಲು ಅವಳಿಗೆ ಒಂದು ನಿಮಿಷ ಸಾಕಿತ್ತು. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

ಪ್ಯೋ ಯಾರನ್ನೂ ಕಾಯಲಿಲ್ಲ. ನೋಯುವ ಮಂಡಿಯ ಮೇಲೆ ಕೈಯೂರಿ, ತನ್ನವರನ್ನು ಕರೆತರಲು ಗುಡ್ಡ ಹತ್ತತೊಡಗಿದ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ. ಹೇರಿಮ್ ಅವನ ಬೆನ್ನನ್ನೇ ನೋಡುತ್ತ ಕೂತಳು.