ಕೇಳದೇ ಕೊಟ್ಟ ವಿಳಾಸ

“ಹೊಸಾ ಮಿಕ್ಸಿ ಚೆನ್ನಾಗಿ ರುಬ್ತೈತಾ?”

ಅಷ್ಟೇ ಕೇಳಿದ ಕಾಂತರಾಜ್. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಊಟ ಆಯ್ತಾ ಎಂದು ವಿಚಾರಿಸುವವನ ಹಾಗೆ ಕೇಳಿ, ಉತ್ತರಕ್ಕೂ ಕಾಯದೆ ಫೋನಿಟ್ಟ. ಸ್ಫೂರ್ತಿ ಹುಚ್ಚೆಳ್ಳಿನ ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು.

ಕಡೂರಿನಲ್ಲಿ ಗಂಡ ಕಾಂತರಾಜನ ಮನೆ ಬಿಟ್ಟು ಅವಳು ಬಂದು ವರ್ಷದ ಮೇಲಾಗಿತ್ತು. ಬರುವಾಗ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಇತ್ತು. ಅವನು ಅವಳ ಹತ್ತಿರ ಸುಳಿಯಕೂಡದೆಂದು ನ್ಯಾಯಾಲಯ ಹೇಳಿತ್ತು. ಆದರೆ ಕಾಂತರಾಜ್ ಯಾರ ಮಾತು ಕೇಳಿದವನು? ಅದಕ್ಕೇ ಅವಳು ಅಜ್ಜಂಪುರದಲ್ಲಿ, ಗುರುಶಾಂತಮ್ಮ ಎಂಬ ಮುದುಕಿಯ ಮನೆಯ ಮಹಡಿಯ ಕೋಣೆಯಲ್ಲಿರುವುದು ಯಗಟಿಯ ತಾಯಿಗೆ ಬಿಟ್ಟರೆ ನೆಂಟರಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಿಮ್ ಬದಲಾಯಿಸಿದ್ದಳು. ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದಳು. ಪೊಟ್ಟಣದ ಮೇಲೂ ಗುರುಶಾಂತಮ್ಮನ ಹೆಸರೇ.

ತಾಯಿಗೆ ಫೋನ್ ಮಾಡಿದಳು.

“ನನ್ನಾಣೆ ಕಣೇ, ನೀನು ಮಿಕ್ಸಿ ತಗಂಡಿದ್ದೇ ನಂಗೆ ಗೊತ್ತಿಲ್ಲ,” ಎಂದಳು ತಾಯಿ.

ಮಿಕ್ಸಿ ಬಂದದ್ದನ್ನು ಕಂಡವಳು ಗುರುಶಾಂತಮ್ಮ ಒಬ್ಬಳೇ. ಅವಳೇ ಹೇಳಿರಬಹುದೇ ಎಂಬ ಯೋಚನೆ ಒಂದು ಗಳಿಗೆ ಸುಳಿದು, ತನ್ನ ಬಗ್ಗೆಯೇ ಸ್ಫೂರ್ತಿಗೆ ನಾಚಿಕೆಯಾಯಿತು. ಬೆಳಗಾಗುತ್ತಲೇ ಬಸ್ಸು ಹತ್ತಿ, ಮಿಕ್ಸಿ ಕೊಂಡಿದ್ದ ತರೀಕೆರೆಯ ಶೋರೂಮಿಗೆ ಹೋದಳು.

ಮ್ಯಾನೇಜರು ಕಂಪ್ಯೂಟರ್ ನೋಡಿ ನಕ್ಕರು. “ಹಳೇ ಖಾತೆ ಇತ್ತಲ್ಲ ಮೇಡಂ. ಕಡೂರಲ್ಲಿ ನಮ್ಮ ಕಂಪನೀದೇ ಫ್ರಿಜ್ ತಗಂಡಿದ್ರಿ. ಹೆಸರು, ಹುಟ್ಟಿದ ತಾರೀಕು ಹಾಕಿದ್ರೆ ಸಿಸ್ಟಮ್ಮೇ ಎರಡನ್ನೂ ಸೇರಿಸ್ಬಿಡುತ್ತೆ, ಒಂದೇ ಫ್ಯಾಮಿಲಿ ಅಂತ.”

ಮದುವೆಯಾದ ಹೊಸತರಲ್ಲಿ ಕೊಂಡ ಫ್ರಿಜ್ಜು. ಅದಕ್ಕೆ ಕೊಟ್ಟಿದ್ದು ಕಾಂತರಾಜನ ನಂಬರು. ಮಿಕ್ಸಿ ಅಜ್ಜಂಪುರ ತಲುಪಿದ ಸುದ್ದಿ, ಅವಳ ಹೊಸ ನಂಬರು, ಬೀದಿ, ಮನೆಯ ಗುರುತು, ಎಲ್ಲವೂ ಅವನ ಮೊಬೈಲಿಗೆ ಹೋಗಿತ್ತು.

“ನನ್ನನ್ನ ಒಂದ್ಮಾತು ಕೇಳಿದ್ರಾ?”

“ಬಿಲ್ ಮಾಡುವಾಗ ಒಟಿಪಿ ಹೇಳಿದ್ರಲ್ಲ ಮೇಡಂ, ಅದೇ ಒಪ್ಪಿಗೆ.”

“ಅದು ವಾರಂಟಿಗೆ ಅಂದ್ರಿ. ಈಗಲೇ ಅಳಿಸಿ ಅದನ್ನ.”

“ನಮ್ಮ ಕೈಲಿಲ್ಲ. ಹೆಡ್ ಆಫೀಸಿಗೆ ಮಾತಾಡಿ,” ಎಂದು ನಂಬರು ಕೊಟ್ಟರು.

ಅಲ್ಲಿಯೇ ನಿಂತು ಕರೆ ಮಾಡಿದಳು. ಹುಡುಗಿಯೊಬ್ಬಳು ನಯವಾಗಿ ಎಲ್ಲವನ್ನೂ ಕೇಳಿಸಿಕೊಂಡಳು. “ಖಂಡಿತ ಅಳಿಸ್ತೀವಿ ಮೇಡಂ. ನಿಮ್ಮ ಖಾತೆಯ ಮುಖ್ಯ ನಂಬರಿಗೆ ಒಟಿಪಿ ಕಳಿಸಿದೀನಿ, ಹೇಳ್ತೀರಾ?”

ಮುಖ್ಯ ನಂಬರು ಕಾಂತರಾಜನದು. ತಾನು ಅಳಿಸಲು ಹೊರಟಿದ್ದೇನೆಂಬುದು ಇಷ್ಟು ಹೊತ್ತಿಗೆ ಅವನಿಗೆ ಮುಟ್ಟಿಯಾಗಿತ್ತು.

ಅವಳ ಮೊದಲಿನ ಕೇಸು ನಡೆಸಿದ್ದ ವಕೀಲೆ ಯಶೋಧರಾ ತರೀಕೆರೆಯವರೇ; ಸ್ಫೂರ್ತಿ ನೇರವಾಗಿ ಅವರ ಮನೆಗೆ ಹೋದಳು. ಅವರು ಠಾಣೆಗೆ ಫೋನ್ ಮಾಡಿ ತಿಳಿಸಿದರು. “ಕಂಪನಿ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗೋಣ. ಹೆದರಬೇಡ ಅಂತ ನಾನು ಹೇಳಲ್ಲ. ಹೆದರಿಕೊಂಡೇ ಬಾ,” ಎಂದರು.

ಎರಡು ದಿನ ಅವಳು ಕೆಳಗಿಳಿಯಲಿಲ್ಲ. ಬೀದಿಯಲ್ಲಿ ಬೈಕು ನಿಂತರೆ ಕಿಟಕಿಯ ಸಂದಿಯಿಂದ ನೋಡುತ್ತಿದ್ದಳು. ಆಮೇಲೆ ಒಂದು ಮಧ್ಯಾಹ್ನ ಕಂಪನಿಯ ಅಂಗಿ ತೊಟ್ಟ ಮೆಕ್ಯಾನಿಕ್ ಒಬ್ಬ ಬಂದು ಬಾಗಿಲು ತಟ್ಟಿದ. ಹಾಲೇಶ ಅಂತ ಹೆಸರು.

“ಸರ್ವೀಸ್ ಬುಕ್ ಆಗೈತೆ ಮೇಡಂ. ಮಿಕ್ಸಿ ಪಕ್ಕ ನಿಂತ್ಕಳಿ, ಒಂದು ಫೋಟೋ ತಗೀಬೇಕು.”

“ನಾನು ಬುಕ್ ಮಾಡಿಲ್ಲ.”

ಹಾಲೇಶ ಮೊಬೈಲ್ ತೋರಿಸಿದ. ಬುಕ್ ಮಾಡಿದವರು: ಕಾಂತರಾಜ್. “ನಾನು ಎಲ್ಲಿದೀನಿ ಅಂತ ಸಾರ್ ಫೋನಲ್ಲಿ ಕಾಣ್ತಿರುತ್ತೆ ಮೇಡಂ. ಫೋಟೋನೂ ಅವರಿಗೇ ಹೋಗುತ್ತೆ.”

ಸ್ಫೂರ್ತಿ ಆ ಪರದೆಯ ಚಿತ್ರವನ್ನು ತನ್ನ ಮೊಬೈಲಿನಲ್ಲಿ ತೆಗೆದುಕೊಂಡು ಯಶೋಧರಾಗೆ ಕಳಿಸಿದಳು. ಅವಳ ಮುಖ ನೋಡಿ ಹಾಲೇಶನಿಗೂ ಏನೋ ಸರಿಯಿಲ್ಲ ಅನ್ನಿಸಿತು. ಫೋಟೋ ತೆಗೆಯಲಿಲ್ಲ. ಆದರೆ ಕೆಲಸ ಮುಗಿಯಿತೆನ್ನಲು ಮೊಬೈಲಿನಲ್ಲಿ ಒಂದು ಕಾರಣ ಒತ್ತಲೇಬೇಕಿತ್ತು. ಪಟ್ಟಿಯಲ್ಲಿದ್ದುದರಲ್ಲಿ ನಿಜವಾದದ್ದನ್ನೇ ಒತ್ತಿ ಹೊರಟುಹೋದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗೇಟಿನ ಹತ್ತಿರ ಬೈಕು ನಿಂತಿತು.

“ಸ್ಫೂರ್ತೀ,” ಎಂದು ಮೆಲ್ಲಗೆ ಕರೆದ ಕಾಂತರಾಜ್.

ಅವಳು ಚಿಲಕ ಹಾಕಿ, ಟ್ರಂಕನ್ನು ಬಾಗಿಲಿಗೆ ಒತ್ತರಿಸಿ, ಪೊಲೀಸರ ನಂಬರು ಒತ್ತಿದಳು. ಅತ್ತ ಫೋನೆತ್ತಿದವರಿಗೆ ಬೀದಿಯ ಹೆಸರು ಹೇಳಿದಳು.

ಕೆಳಗೆ ಗುರುಶಾಂತಮ್ಮನ ಧ್ವನಿ: “ಅಂಥೋರ್ಯಾರೂ ಇಲ್ಲಿಲ್ಲ ಕಣಪ್ಪಾ.”

“ಸುಳ್ಳು ಯಾಕಜ್ಜಿ? ಇಲ್ಲಿ ನೋಡು, ‘ಗ್ರಾಹಕರು ಮನೆಯಲ್ಲಿದ್ದಾರೆ, ಫೋಟೋಗೆ ಒಪ್ಪಲಿಲ್ಲ’ ಅಂತ ಬಂದೈತೆ.”

ಮೆಟ್ಟಿಲ ಮೇಲೆ ಹೆಜ್ಜೆ. ಅವಸರವಿಲ್ಲದ ಹೆಜ್ಜೆ. ಬಾಗಿಲಿಗೆ ಮೊದಲು ಬೆರಳ ಗೆಣ್ಣು, ಆಮೇಲೆ ಅಂಗೈ, ಆಮೇಲೆ ಭುಜ. ಕೆಳಗೆ ಗುರುಶಾಂತಮ್ಮ ಬೀದಿಯವರನ್ನೆಲ್ಲ ಕೂಗುತ್ತಿದ್ದಳು. ಚಿಲಕದ ಮೊಳೆ ಒಂದು ಕಿತ್ತು ಸ್ಫೂರ್ತಿಯ ಕಾಲ ಬಳಿ ಬಿತ್ತು. ಅವಳು ಟ್ರಂಕಿಗೆ ಬೆನ್ನು ಕೊಟ್ಟು ಕೂತಳು. ಒಂದೊಂದು ಏಟೂ ಬೆನ್ನುಮೂಳೆಗೆ ಬಡಿಯಿತು. ಎರಡನೆಯ ಮೊಳೆ ಸಡಿಲವಾಗುವಷ್ಟರಲ್ಲಿ ಜನ ಮಹಡಿ ಹತ್ತಿ ಅವನ ರಟ್ಟೆ ಹಿಡಿದರು. ಅವರ ಹಿಂದೆಯೇ ಪೊಲೀಸರು ಬಂದರು.

ನ್ಯಾಯಾಲಯದ ಮಾತು ಮೀರಿದ್ದಕ್ಕೆ ಕಾಂತರಾಜ್ ಒಳಗೆ ಹೋದ; ಕೆಲವು ವಾರಕ್ಕೆ ಜಾಮೀನಿನ ಮೇಲೆ ಹೊರಗೂ ಬಂದ.

ಚಿಕ್ಕಮಗಳೂರಿನ ಆಯೋಗದಲ್ಲಿ ಕಂಪನಿಯ ವಕೀಲರು, ಖಾತೆ ಸೇರಿಸಿದ್ದು ಕುಟುಂಬಗಳ ಅನುಕೂಲಕ್ಕೆ ಎಂದು ವಾದಿಸಿದರು. ಅದಕ್ಕೂ ಮುಂಚೆ ಹೊರಗಿನ ಬೆಂಚಿನ ಮೇಲೆ, ದೂರು ಹಿಂದಕ್ಕೆ ತಗೊಂಡರೆ ದೊಡ್ಡ ಗ್ರೈಂಡರನ್ನೇ ಕೊಡುತ್ತೇವೆ ಎಂದೂ ಹೇಳಿದ್ದರು.

ಮಾತಾಡಲು ಹೇಳಿದಾಗ ಸ್ಫೂರ್ತಿ ಹೆದರಿಕೊಂಡೇ ಎದ್ದು ನಿಂತಳು. “ನಾನು ಇವರ ಹತ್ರ ಮಿಕ್ಸಿ ಕೊಂಡೆ ಸ್ವಾಮಿ. ನಾನೆಲ್ಲಿದೀನಿ ಅಂತ ಯಾರಿಗೆ ಹೇಳ್ಬೇಕು ಅನ್ನೋದನ್ನ ಇವರಿಗೆ ಮಾರಿರ್ಲಿಲ್ಲ. ಅಳಿಸಿ ಅಂದ್ರೆ ಅವನನ್ನೇ ಒಪ್ಪಿಗೆ ಕೇಳಿದ್ರು.”

ತೀರ್ಪು ಅವಳ ಕಡೆಗಾಯಿತು. ಅವಳ ವಿವರಗಳನ್ನು ಅಳಿಸಬೇಕು, ಪರಿಹಾರ ಕೊಡಬೇಕು, ಕೇಳದೆ ಯಾರ ಖಾತೆಯನ್ನೂ ಇನ್ನೊಬ್ಬರದಕ್ಕೆ ಸೇರಿಸಕೂಡದು. ಕಂಪನಿ ಅಳಿಸಿತು. ಕಾಂತರಾಜನ ತಲೆಯೊಳಗಿನದನ್ನು ಅಳಿಸುವವರು ಯಾರು?

ಮುಂದಿನ ವಾರ ಅವಳು ಸಾಮಾನು ಕಟ್ಟಿದಳು. ಟೆಂಪೋ ಬಾಗಿಲಿಗೆ ಬಂತು. ಗುರುಶಾಂತಮ್ಮ ಮಡಿಲಿಗೆ ಕೊಬ್ಬರಿ ಹಾಕಿ ಕಣ್ಣೊರೆಸಿಕೊಂಡಳು. ಯಾವ ಊರಿಗೆ ಹೋಗುತ್ತಿದ್ದೇನೆಂದು ಹೇಳಲು ಸ್ಫೂರ್ತಿ ಬಾಯಿ ತೆರೆದಳು.

ಮುದುಕಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. “ನಂಗೂ ಹೇಳ್ಬೇಡ ಕಣವ್ವಾ. ಗೊತ್ತಿದ್ರೆ ತಾನೇ ಬಾಯಿಂದ ಬರೋದು.”