ಹಳದಿ ಉರಿ, ನೀಲಿ ಉರಿ

ಜೂಜುವಾಡಿಯ ಲಾರಿ ಶೆಡ್ಡುಗಳ ಹಿಂದೆ ಡ್ರೋನುಗಳಿಗೆ ಪುಟ್ಟ ಜೆಟ್ ಎಂಜಿನ್ ತಯಾರಿಸುವ ಕಾರ್ಖಾನೆಯೊಂದಿದೆ. ಅಲ್ಲಿ ಇಂಧನ ಉರಿಯುವ ಭಾಗವಾದ ಬರ್ನರ್ ಲಕ್ಷ್ಮೀಪ್ರಿಯಾಳ ವಿನ್ಯಾಸ. ಆದರೆ ಪರೀಕ್ಷೆ ಮಾಡಿದಾಗೆಲ್ಲ ಅದರ ತೆಳು ಗೋಡೆ ಕೆಂಪಗೆ ಕಾದು ತೂತು ಬೀಳುತ್ತಿತ್ತು. ಮಾಲೀಕ ನರಸಿಂಹಪ್ಪ ಬೈಯುತ್ತಿರಲಿಲ್ಲ. ಸುಮ್ಮನೆ ಎದ್ದು ಹೋಗುತ್ತಿದ್ದರು. ಅದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಹೊಸದಾಗಿ ಸೇರಿದ ಶ್ರೀರಂಜನಿ ಗಾಜಿನ ಕಿಂಡಿಯಿಂದ ಉರಿಯನ್ನು ನೋಡಿದಳು.

"ಬರ್ನರ್ ತಪ್ಪಿಲ್ಲ ಅಕ್ಕ. ಈ ಇಂಧನ ಮಸಿ ಜಾಸ್ತಿ ಕಟ್ಟತ್ತೆ. ಆ ಮಸಿ ಕಾದೇ ಉರಿ ಇಷ್ಟು ಹಳದಿ. ಅದರ ಶಾಖಾನೇ ಗೋಡೇನ ಸುಡ್ತಿರೋದು."

ಮಸಿ ಕಟ್ಟದ ಬೇರೆ ಇಂಧನ ತರಿಸಿದಳು. ಉರಿ ನೀಲಿಯಾಯಿತು, ಗೋಡೆ ಉಳಿಯಿತು.

"ನೀನು ಬಂದ್ಮೇಲೆ ನಮ್ ಕಷ್ಟ ಹೋಗ್ಬುಡ್ತು ಕಣಮ್ಮ!" ಎಂದು ನರಸಿಂಹಪ್ಪ ಎಲ್ಲರಿಗೂ ಬಾದಾಮಿ ಹಾಲು ತರಿಸಿದರು.

ಲಕ್ಷ್ಮೀಪ್ರಿಯಾ ತನ್ನ ಲೋಟವನ್ನು ಕುಡಿಯದೆ ಪಕ್ಕಕ್ಕಿಟ್ಟಳು. ತನ್ನ ಬರ್ನರ್ ಸರಿಯಿದೆಯೆಂದು ಎಲ್ಲರೂ ಒಪ್ಪಿದ್ದರು. ಆದರೆ ಒಪ್ಪಿಸಿದವಳು ನಿನ್ನೆ ಮೊನ್ನೆ ಬಂದ ಹುಡುಗಿ. ಅದೇ ಕಿಂಡಿಯಿಂದ ಅದೇ ಉರಿಯನ್ನು ತಾನೂ ದಿನಾ ನೋಡಿರಲಿಲ್ಲವೇ?

ಹೊಸ ಇಂಧನದಲ್ಲಿ ದೋಷ ಹುಡುಕಲೆಂದೇ ಅವಳು ಭಾನುವಾರ ಯಾರೂ ಇಲ್ಲದಾಗ ಬಂದು, ಅದರ ಡಬ್ಬವನ್ನು ಐಸು, ಕಲ್ಲುಪ್ಪಿನಲ್ಲಿ ಹೂತಿಟ್ಟಳು. ಚೆನ್ನಾಗಿ ತಣಿದ ಮೇಲೆ ಬರ್ನರಿಗೆ ಬಿಟ್ಟು ಕಿಡಿ ಹೊತ್ತಿಸಿದಳು. ಹತ್ತಲಿಲ್ಲ. ಚಳಿಗೆ ಮಂದವಾದ ಇಂಧನ ಮಂಜಿನಂತೆ ಹರಡದೆ ದಪ್ಪ ಹನಿಗಳಾಗಿ ಬೀಳುತ್ತಿತ್ತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಒಬ್ಬಳೇ ನಕ್ಕುಬಿಟ್ಟಳು.

ಮರುದಿನ ಎಲ್ಲರೆದುರು ಅದನ್ನೇ ಮಾಡಿ ತೋರಿಸಿ, "ಇದೇನಾ ನಿನ್ನ ಇಂಧನ?" ಎಂದಳು.

ಶ್ರೀರಂಜನಿಯ ಮುಖ ಬಿಳಿಚಿಕೊಂಡಿತು. "ಮೇಲೆ ಆಕಾಶದ ಚಳೀಲಿ ಎಂಜಿನ್ ನಿಂತೋದ್ರೆ ಮತ್ತೆ ಹತ್ತೋದೇ ಇಲ್ವಲ್ಲ! ನಾನು ಯೋಚ್ನೇನೇ ಮಾಡಿರ್ಲಿಲ್ಲ. ಅಕ್ಕ, ಸಿಂಪಡಿಸೋ ತೂತನ್ನ ಸಣ್ಣ ಮಾಡಿ ಒತ್ತಡ ಏರಿಸೋಕಾಗತ್ತಾ? ಅದು ನಿಮ್ಗೇ ಗೊತ್ತಿರೋದು."

ಜಗಳಕ್ಕೆ ತಯಾರಾಗಿ ಬಂದಿದ್ದ ಲಕ್ಷ್ಮೀಪ್ರಿಯಾ ಬರ್ನರ್ ಬಿಚ್ಚತೊಡಗಿದಳು. ತೂತನ್ನು ಸಣ್ಣದು ಮಾಡಿಸಿ ಒತ್ತಡ ಏರಿಸಿದಳು. ತಣ್ಣಗಿನ ಇಂಧನವೂ ಮೊದಲ ಕಿಡಿಗೇ ಹತ್ತಿಕೊಂಡಿತು.

"ಗೆದ್ಬುಟ್ರಲ್ಲಮ್ಮ! ಶ್ರೀರಂಜನಿ, ಲಕ್ಷ್ಮೀಪ್ರಿಯಾ, ಬನ್ನಿ, ಫೋಟೋ ತೆಗಿಸ್ಕಳಾಣ" ಎಂದರು ನರಸಿಂಹಪ್ಪ.

ಯಾರ ಹೆಸರು ಮೊದಲು ಬಂತೆಂಬುದು ಲಕ್ಷ್ಮೀಪ್ರಿಯಾಳ ಕಿವಿಗೆ ತಪ್ಪಲಿಲ್ಲ. ಶ್ರೀರಂಜನಿ ಪಕ್ಕಕ್ಕೆ ಸರಿದು ಎಂಜಿನ್ ಹತ್ತಿರದ ಜಾಗ ಬಿಟ್ಟುಕೊಟ್ಟಳು. ಲಕ್ಷ್ಮೀಪ್ರಿಯಾ ಅಲ್ಲಿಯೇ ಹೋಗಿ ನಿಂತಳು, ಅವಳ ಕಡೆ ತಿರುಗಿಯೂ ನೋಡದೆ.