ಚೌಡಪ್ಪನ ಎಡಗೈಯ ಚೆಂಡು

ನಾನು ಒಂದು ರಬ್ಬರ್ ಚೆಂಡು. ಹಸಿರು ಬಣ್ಣ, ನಿಂಬೆಹಣ್ಣಿಗಿಂತ ತುಸು ದೊಡ್ಡವನು. ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದಾಗ ನೆಲಕ್ಕೆ ತಾಗಿ ಮೂರು ಸಲ ನೆಗೆದೆ. ಇನ್ನು ಜೀವನಪೂರ್ತಿ ಇದೇ ಸುಖ ಅಂದುಕೊಂಡೆ. ಎಲ್ಲಿಯ ಸುಖ! ಬಲೆಚೀಲದಲ್ಲಿ ಸೇರಿ ಅಂಗಡಿಯ ಬಾಗಿಲಿಗೆ ನೇತುಬಿದ್ದೆ. ಆಟಕ್ಕೆ ಕೊಳ್ಳಲು ಬಂದವರು ಹಿಸುಕಿ ನೋಡಿ, "ಥೂ, ಮೆತ್ತಗಿದೆ" ಎಂದು ಬಿಟ್ಟು ಹೋಗುತ್ತಿದ್ದರು. ಕೊನೆಗೊಬ್ಬರು ಬಂದರು, ಆಸ್ಪತ್ರೆಯ ನರ್ಸ್, ಫ್ಲೋರಿನ್ ಸಿಸ್ಟರ್. ಅವರೂ ಹಿಸುಕಿದರು. "ಮೆತ್ತಗಿದೆ. ಇದೇ ಬೇಕು."

ಹಾಗೆ ಡಯಾಲಿಸಿಸ್ ವಾರ್ಡಿಗೆ ಬಂದೆ. ಕಿಡ್ನಿ ಕೈಕೊಟ್ಟವರ ರಕ್ತವನ್ನು ಯಂತ್ರ ತೊಳೆದುಕೊಡುವ ಜಾಗ ಅದು. ಮೂರನೆಯ ಮಂಚದಲ್ಲಿ ಚೌಡಪ್ಪ. ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವನು, ಈಗ ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಕುತ್ತಿಗೆಗೆ ಹಾಕಿದ ನಳಿಕೆಯಿಂದ ಯಂತ್ರಕ್ಕೆ ಕಟ್ಟುಬಿದ್ದಿದ್ದ. ಆ ನಳಿಕೆಗೆ ನಂಜು ತಗುಲಿದರೆ ಜೀವಕ್ಕೇ ಕುತ್ತು. ಅದಕ್ಕೇ ಅವನ ಎಡಗೈಯಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದರು. ನಾಳ ದಪ್ಪಗೆ ಬಲಿತರೆ ಅಲ್ಲಿಗೇ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸಬಹುದು. ಬಲಿಯದಿದ್ದರೆ ಕುತ್ತಿಗೆಯೇ ಗತಿ.

ಸಿಸ್ಟರ್ ನನ್ನನ್ನು ಆ ಎಡಗೈಯಲ್ಲಿಟ್ಟರು. "ನಾಳ ಬಲಿಯೋಕೆ ಇದನ್ನ ದಿನಾ ಹಿಸುಕಬೇಕು, ಚೌಡಪ್ಪಣ್ಣ."

"ಈ ವಯಸ್ಸಲ್ಲಿ ಚೆಂಡಾಟ ಕಲಿಸ್ತೀರಲ್ಲ ಸಿಸ್ಟರಮ್ಮ!"

"ಕಲೀರಿ, ತಪ್ಪೇನು? ಇಲ್ಲಿ ಮುಟ್ಟಿ ನೋಡಿ."

ಬಲಗೈ ಬೆರಳನ್ನು ಹೊಲಿಗೆಯ ಮೇಲಿಟ್ಟ ಚೌಡಪ್ಪನ ಕಣ್ಣು ಅರಳಿತು. "ಗುಂಯ್ ಅಂತಿದೆ! ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡದೆ ಬಿಟ್ಟಂಗೆ."

"ಗಾಡಿ ತೆಗೆಯೋ ಮುಂಚೆ ಆಯಿಲ್ ನೋಡ್ತಿರಲಿಲ್ವಾ? ಹಾಗೇ ದಿನಾ ಬೆಳಿಗ್ಗೆ ಇದನ್ನ ಮುಟ್ಟಿ ನೋಡಿ. ನಿಂತುಹೋದರೆ ತಕ್ಷಣ ಬನ್ನಿ, ನಾಳೆ ಅನ್ನಬೇಡಿ. ಈ ಕೈಲಿ ಭಾರ ಎತ್ತಬೇಡಿ, ಇದರ ಮೇಲೆ ಮಲಗಬೇಡಿ."

ಅಂದಿನಿಂದ ನನ್ನ ಲೋಕವೆಲ್ಲ ಒಂದು ಮುಷ್ಟಿ. ಕತ್ತಲೆ, ಬೆವರು, ಹಿಸುಕು. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಹಿಸುಕು. ರಸ್ತೆಯಲ್ಲಿ ಹಾರ್ನ್ ಕೇಳಿದರೆ ಮಲಗಿದಲ್ಲಿಂದಲೇ ಚೌಡಪ್ಪ, "ಹತ್ತು ಗಾಲೀದು, ಲೋಡು ಜಾಸ್ತಿ ಹಾಕವ್ನೆ" ಅನ್ನುತ್ತಿದ್ದ. ಆಮೇಲೆ ನನ್ನನ್ನು ಇನ್ನೂ ಜೋರಾಗಿ ಹಿಸುಕುತ್ತಿದ್ದ. ಅವನ ಸಿಟ್ಟು ನನ್ನ ಮೇಲಲ್ಲ, ಕಟ್ಟಿಹಾಕಿದ ಆ ಯಂತ್ರದ ಮೇಲೆ ಅಂತ ನನಗೆ ಗೊತ್ತಿತ್ತು. ನಾನೂ ಅವನ ಹಾಗೇ ಸಿಕ್ಕಿಬಿದ್ದವನಲ್ಲವೇ?

ಎಲ್ಲವನ್ನೂ ಕಲಿತ, ಒಂದು ಬಿಟ್ಟು. ಲಾರಿಯವನಿಗೆ ದಿಂಬು ಎಲ್ಲಿಯದು? ಎಡಗೈ ಮಡಚಿ ಅದರ ಮೇಲೆ ತಲೆಯಿಟ್ಟು ಸೀಟಿನಲ್ಲೇ ಮಲಗಿ ರೂಢಿ. ಹೆಂಡತಿ ಮಂಗಳಮ್ಮ ಎಷ್ಟು ಸಲ ಕೈ ಎಳೆದಿಟ್ಟರೂ ನಿದ್ದೆಯಲ್ಲಿ ಅದು ತಲೆಯಡಿಗೇ ಹೋಗುತ್ತಿತ್ತು.

ಐದನೆಯ ವಾರ, ಒಂದು ಬೆಳಿಗ್ಗೆ ಮುಟ್ಟಿ ನೋಡಿದ. ಮತ್ತೆ ಮುಟ್ಟಿದ. "ಮಂಗಳಾ, ಇಂಜಿನ್ ಆಫ್ ಆಗೈತೆ."

"ನಾಳೆ ಹೆಂಗೂ ಡಯಾಲಿಸಿಸ್ ಐತಲ್ಲ, ನಾಳೆನೇ ತೋರಿಸಾಣ."

"ನಾಳೆ ಅನ್ನಬೇಡ ಅಂದವ್ರೆ ಆಯಮ್ಮ. ನಡಿ."

ಮೊದಲ ಬಸ್ಸು. ದಾರಿಯುದ್ದಕ್ಕೂ ನನ್ನನ್ನು ಹಿಸುಕಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದ. ವಾರ್ಡಿನಲ್ಲಿ ಸಿಸ್ಟರ್ ಕೈ ಮುಟ್ಟಿದವರೇ ಡಾಕ್ಟರಿಗೆ ಫೋನ್ ಮಾಡಿದರು. ಅವನನ್ನು ಒಳಗೆ ಕರೆದೊಯ್ದರು. ನಾನು ಮಂಚದ ಅಂಚಿನಲ್ಲಿ ಒಬ್ಬನೇ ಉಳಿದೆ. ಹಿಡಿಯುವ ಕೈಯಿಲ್ಲ. ಒಂದು ಉರುಳು ಉರುಳಿದ್ದರೆ ನೆಲ ಸಿಗುತ್ತಿತ್ತು. ಮನಸ್ಸಾಗಲಿಲ್ಲ.

ಸಂಜೆ ಬಂದ. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ತೆಗೆದಿದ್ದರು. ಇನ್ನೊಂದು ದಿನ ತಡವಾಗಿದ್ದರೆ ನಾಳ ದಕ್ಕುತ್ತಿರಲಿಲ್ಲ ಅಂದರಂತೆ ಡಾಕ್ಟರು.

"ಹೇಗೆ ಮಲಗಿದ್ರಿ, ತೋರಿಸಿ" ಅಂದರು ಸಿಸ್ಟರ್. ಚೌಡಪ್ಪ ಕಳ್ಳನ ಹಾಗೆ ಎಡಕ್ಕೆ ಹೊರಳಿ ತೋರಿಸಿದ. ಮಂಗಳಮ್ಮ ಬೈಯಲು ಬಾಯಿ ತೆಗೆದರು.

"ಬೈದರೆ ನಿದ್ದೆಗೆ ಕೇಳಿಸುತ್ತಾ ಅಕ್ಕಾ?" ಅಂದ ಸಿಸ್ಟರ್ ನನ್ನನ್ನು ಎತ್ತಿಕೊಂಡರು. "ಬನಿಯನ್ನಿನ ಎಡಪಕ್ಕೆಗೆ ಚೀಲ ಹೊಲಿದು ಇದನ್ನ ಒಳಗೆ ಹಾಕಿ. ಆ ಕಡೆ ಹೊರಳಿದರೆ ಇದೇ ಒತ್ತಿ ಎಬ್ಬಿಸುತ್ತೆ."

ಹಗಲು ಮುಷ್ಟಿ, ರಾತ್ರಿ ಚೀಲ. ಸಾಲದ್ದಕ್ಕೆ, ಜಾರದಿರಲೆಂದು ದಿನಾ ರಾತ್ರಿ ಚೀಲದ ಬಾಯಿಗೆ ಎರಡು ಹೊಲಿಗೆ ಬೇರೆ.

ಈಗ ಮೂರು ವರ್ಷ. ಕುತ್ತಿಗೆಯ ನಳಿಕೆ ಎಂದೋ ಹೋಯಿತು, ನಾಳ ಹಗ್ಗದ ಹಾಗೆ ಬಲಿತಿದೆ. ವಾರಕ್ಕೆ ಮೂರು ದಿನ ಅವನಿಗೆ ತಪ್ಪಿಲ್ಲ. ನನ್ನ ಬಣ್ಣ ಹೋಗಿ ಮೈ ಬಿರಿದಿದೆ. ಹಿಸುಕಲು ಈಗ ನಾನು ಬೇಕಿಲ್ಲ, ಇನ್ನು ನನಗೆ ಚೀಲವೇ ಮನೆ.

ಮೊನ್ನೆ ಬನಿಯನ್ ಒಗೆಯಲೆಂದು ಮಂಗಳಮ್ಮ ಹೊಲಿಗೆ ಬಿಚ್ಚಿದಾಗ ಜಾರಿಬಿದ್ದೆ. ನೆಲ! ಒಂದು ನೆಗೆತ. ಎರಡು. ಮೂರನೆಯದಕ್ಕೆ ಏಳುತ್ತಿದ್ದಂತೆ ಗಾಳಿಯಲ್ಲೇ ಒಂದು ಕೈ ನನ್ನನ್ನು ಹಿಡಿಯಿತು.

"ಎಲ್ಲಿಗೆ ಹೊಂಟೆಯಲೋ?" ಅಂದ ಚೌಡಪ್ಪ.

ಎಡಗೈ. ಹಿಡಿತ ಎಷ್ಟು ಗಟ್ಟಿಯಿತ್ತೆಂದರೆ, ಬಿರಿದ ನನ್ನ ಮೈಯೊಳಕ್ಕೂ ನಾಳದ ಆ ಗುಂಯ್ ಸದ್ದು ಇಳಿಯಿತು.